ಗಡ್ಡದ ಬ್ರಷ್ಷಿನಿಂದ ಬಂದ ಅಮ್ಮ

ಕೊಟ್ಟೂರಪ್ಪನ ಗಡ್ಡದ ಬ್ರಷ್ಷು ಆ ದಿನ ಗಡ್ಡ ಬಿಟ್ಟು ಬೇರೆ ಕಡೆ ಆಡದೆ ಇದ್ದಿದ್ದರೆ, ಬಳ್ಳಾರಿಯಿಂದ ಕುರುಗೋಡಿನವರೆಗೆ ಅಷ್ಟೊಂದು ತೆಂಗಿನಕಾಯಿ ಒಡೆಯುತ್ತಿರಲಿಲ್ಲ. ಕೊಟ್ಟೂರಪ್ಪ ಹತ್ತಿ ಜಿನ್ನಿನಲ್ಲಿ ಗುಮಾಸ್ತ, ಸಾಧು ಪ್ರಾಣಿ. ಇಂಥ ಉಸಾಬರಿಯೆಲ್ಲ ಸಾಧುಗಳನ್ನೇ ಹುಡುಕಿಕೊಂಡು ಬರುತ್ತದೆ ನೋಡಿ.

ಹೆಂಡತಿ ವೀರಭದ್ರಮ್ಮ ತಂಗಿಯ ಬಾಣಂತನಕ್ಕೆಂದು ಕುರುಗೋಡಿನ ತವರಿಗೆ ಹೋಗಿದ್ದಳು. ಮಕ್ಕಳಿಗೆ ಶಾಲೆ ಇದ್ದುದರಿಂದ ಅವು ಅಪ್ಪನ ಪಾಲಿಗೆ ಬಂದವು. ಅಪ್ಪನ ರೊಟ್ಟಿ ಒಂದು ಕಡೆ ಸೀದು ಇನ್ನೊಂದು ಕಡೆ ಹಸಿಯಾಗಿರುತ್ತಿತ್ತು. ಮಕ್ಕಳು ಅತ್ತು, ಅಪ್ಪನೂ ಒಳಗೊಳಗೆ ಅತ್ತು, ಅಂತೂ ಬೇಸಿಗೆ ರಜೆ ಬಂತು. ಇವತ್ತು ಮಕ್ಕಳನ್ನು ಕರೆದುಕೊಂಡು ಹೋಗಿ ಹೆಂಡತಿಯನ್ನು ವಾಪಸು ತರಬೇಕು. ಆದರೆ ಅವಳು ಹೋಗುವಾಗಲೇ ಒಂದು ಕರಾರು ಹಾಕಿದ್ದಳು.

"ಹ್ವಾದ ವರ್ಷ ಮಕ್ಕಳನ್ನ ಬಿಸಿಲಾಗ ಕರ್ಕೊಂಡ್ ಬಂದು ಮೂಗಿನ ಸಿಪ್ಪಿ ಎಬ್ಬಿಸಿದ್ರಿ. ಬಳ್ಳಾರ್ಯಾಗ ಮಕ್ಕಳನ್ನ ಸುಟ್ಟು ತಿಂತಾರೇನು ಅಂತ ನಮ್ಮೂರು ಮಂದಿ ನಕ್ಕರು. ಈ ಸಲ ಹಂಗ ಆತೋ, ನಾ ದೀಪಾವಳಿ ತನಕ ಬರಂಗಿಲ್ಲ. ನಿಮ್ಮ ರೊಟ್ಟಿ ನೀವಾ ಬಡ್ಕೊಳ್ರಿ!"

ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ. ಕೊಟ್ಟೂರಪ್ಪನಿಗೆ ಚಿಂತೆ ಹತ್ತಿತು. ಆಗ ಆಪದ್ಬಾಂಧವನಂತೆ ಬಂದವನು ಜಿನ್ನಿನ ಸಹೋದ್ಯೋಗಿ ಚಂದ್ರಣ್ಣ. ಯುದ್ಧ ಮುಗಿದು ದಂಡಿನವರು ಸಾಮಾನು ಹರಾಜು ಹಾಕುತ್ತಿದ್ದ ಕಾಲವದು. ಬೇಕೋ ಬೇಡವೋ, ಚಂದ್ರಣ್ಣ ಅಲ್ಲಿ ಸಿಕ್ಕಿದ್ದನ್ನೆಲ್ಲ ತಂದು ಮನೆ ತುಂಬಿಸಿಕೊಂಡಿದ್ದ. ಅದರಿಂದ ಒಂದು ಬಾಟಲಿ ಎತ್ತಿ ಕೊಟ್ಟ.

"ಇದು ಬಿಸಿಲಿನ ಮುಲಾಮು. ಬಿಳಿ ಸೋಲ್ಜರ್‌ಗೋಳು ಹಚ್ಕೊಂತಿದ್ರು. ದಪ್ಪಗ ಬಳಿ. ಸೂರ್ಯನಪ್ಪ ಬಂದ್ರೂ ಚರ್ಮ ಮುಟ್ಟಂಗಿಲ್ಲ."

ಮುಂಜಾನೆ ಕೊಟ್ಟೂರಪ್ಪ ಮಕ್ಕಳನ್ನು ಪಡಸಾಲೆಯಲ್ಲಿ ಕೂರಿಸಿ ಕೈಯಿಂದ ಮುಲಾಮು ಹಚ್ಚತೊಡಗಿದ. ಚಿಕ್ಕವನು ಜಂಬಣ್ಣ ಕಚಗುಳಿಯಾಗಿ, ಕೈಗೆ ಸಿಕ್ಕ ಮೀನು ಜಾರಿದ ಹಾಗೆ ಜಾರಿ ಅಂಗಳ ಸೇರಿದ. ಹಿರಿಯವಳು ಗಾದೆಮ್ಮ, "ಅಂಟು ಅಂಟು ಆಕ್ಕೈತಿ, ನಾ ವಲ್ಲೆ" ಎಂದು ಮುಖ ತಿರುಗಿಸಿದಳು. ಕೊಟ್ಟೂರಪ್ಪ ಅತ್ತಿತ್ತ ನೋಡಿದ. ಆಗತಾನೆ ಗಡ್ಡ ಹೆರೆದುಕೊಂಡ ಬ್ರಷ್ಷು ಕಿಟಕಿಯಲ್ಲಿ ಕೂತಿತ್ತು. ಅದನ್ನೇ ಎತ್ತಿ ಬಾಟಲಿಯಲ್ಲಿ ಅದ್ದಿ ಮಗಳ ಕೆನ್ನೆಗೆ ಒಂದು ಎಳೆತ ಎಳೆದ.

"ಹೇ, ಗ್ವಾಡಿಗೆ ಸುಣ್ಣ ಬಳದಂಗ ಐತಿ!" ಗಾದೆಮ್ಮ ಕಿಲಕಿಲ ನಕ್ಕಳು. ಅಂಗಳಕ್ಕೆ ಓಡಿದವನು ತಾನಾಗಿಯೇ ಬಂದು ಮೂಗು ಚಾಚಿದ. ಕೊಟ್ಟೂರಪ್ಪನಿಗೆ ಹುರುಪು ಬಂತು. ಮುಖ, ಕುತ್ತಿಗೆ, ತೋಳುಗಳ ಮೇಲೆಲ್ಲ ಮೊದಲು ಬ್ರಷ್ಷಿನ ತುದಿಯಿಂದ ಚುಕ್ಕೆ ಚುಕ್ಕೆ ಇಟ್ಟುಕೊಂಡ. ಆಮೇಲೆ ಸವರುವುದೆಂದು ಅವನ ಲೆಕ್ಕ.

ಚುಕ್ಕೆ ಇಟ್ಟು ಮುಗಿಯುವುದಕ್ಕೂ ಪಕ್ಕದ ಮನೆಯ ಹೊನ್ನೂರಮ್ಮ ಬಾಗಿಲಲ್ಲಿ ಇಣುಕುವುದಕ್ಕೂ ಸರಿಹೋಯಿತು. ವಠಾರದಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಹೊನ್ನೂರಮ್ಮನಿಗೆ ಮೊದಲು ಗೊತ್ತಾಗಬೇಕು.

"ಯಪ್ಪಾ ಕೊಟ್ಟೂರಪ್ಪ, ಮಕ್ಕಳಿಗೇನಾತೋ?"

ಕೊಟ್ಟೂರಪ್ಪ ತಲೆ ಎತ್ತಲಿಲ್ಲ. "ಏನಿಲ್ಲಕ್ಕಾ, ಎಲ್ಲಾ ಅಮ್ಮನ ಸಲುವಾಗಿ" ಎಂದ.

"ಅಮ್ಮ ಬರ್ತಾಳ! ಅಮ್ಮ ಬರ್ತಾಳ!" ಎಂದು ಜಂಬಣ್ಣ ಕುಣಿದ.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ವಠಾರದ ಮಕ್ಕಳೆಲ್ಲ ಹೆತ್ತವಳನ್ನು "ಅವ್ವಾ" ಅನ್ನುತ್ತಿದ್ದವು. ವೀರಭದ್ರಮ್ಮ ಮಾತ್ರ ಎದುರು ಬೀದಿಯ ತೆಲುಗು ವಕೀಲರ ಮನೆಯವರನ್ನು ನೋಡಿ, ತನ್ನ ಮಕ್ಕಳಿಗೆ "ಅಮ್ಮಾ" ಅನ್ನಲು ಕಲಿಸಿದ್ದಳು. ಹಾಗೆ ಕರೆಸಿಕೊಳ್ಳುವುದೆಂದರೆ ಅವಳಿಗೆ ಜೀವ. ಹೊನ್ನೂರಮ್ಮನಿಗೆ ಗೊತ್ತಿದ್ದ ಅಮ್ಮ ಒಬ್ಬಳೇ, ಬೇಸಿಗೆಯಲ್ಲಿ ಮೈತುಂಬ ಗುಳ್ಳೆಯಾಗಿ ಏಳುವ ಸಿಡುಬಿನ ಅಮ್ಮ.

"ಯವ್ವಾ ತಾಯಿ, ತಂಪಾಗವ್ವಾ!" ಎಂದು ಹೊನ್ನೂರಮ್ಮ ಮಕ್ಕಳಿಗೆ ಅಡ್ಡಬಿದ್ದಳು. ಎದ್ದವಳೇ ವಠಾರಕ್ಕೆಲ್ಲ ಕೇಳುವಂತೆ ಕೂಗಿದಳು: "ಯಾರೂ ಒಗ್ಗರಣಿ ಹಾಕಬ್ಯಾಡ್ರೇ! ಕೊಟ್ಟೂರಪ್ಪನ ಮನ್ಯಾಗ ಅಮ್ಮ ಬಂದಾಳ!"

ಕಣ್ಣು ಮುಚ್ಚಿ ತೆರೆಯುವುದರಲ್ಲಿ ಬಾಗಿಲಿಗೆ ಬೇವಿನ ಟೊಂಗೆ ಬಿತ್ತು. ಹೆಂಗಸರು ಚೊಂಬು ಹಿಡಿದು ಒಳಗೆ ನುಗ್ಗಿ ಮಕ್ಕಳ ಮೇಲೆ ಅರಿಷಿಣದ ನೀರು ಚಿಮುಕಿಸಿದರು. ಬ್ರಷ್ಷಿನಲ್ಲಿ ಗಡ್ಡದ ಸಾಬೂನು ಉಳಿದಿತ್ತಲ್ಲ? ಸಾಬೂನಿಗೆ ಅರಿಷಿಣ ಸೇರಿದರೆ ಏನಾಗುತ್ತದೆಂದು ಅರಿಷಿಣದ ಕಲೆಯ ಬಟ್ಟೆ ಒಗೆದವರಿಗೆಲ್ಲ ಗೊತ್ತು. ಬಿಳಿ ಚುಕ್ಕೆಗಳೆಲ್ಲ ನೋಡನೋಡುತ್ತ ಕೆಂಪಗಾದವು.

"ನೋಡ್ರೇ, ಹೆಂಗ ಕೆರಳ್ಯಾಳ!" ಹೆಂಗಸರು ಕೆನ್ನೆ ಕೆನ್ನೆ ಬಡಿದುಕೊಂಡರು.

"ಯಕ್ಕಾ, ಇದು ಮುಲಾಮು! ಒರಸಿ ತೋರಸ್ತೀನಿ ತಡಿ" ಎಂದು ಕೊಟ್ಟೂರಪ್ಪ ಟವೆಲ್ಲು ಎತ್ತಿದ. ಹೊನ್ನೂರಮ್ಮ ಅವನ ರಟ್ಟೆ ಹಿಡಿದಳು.

"ಬಾಯಿ ಮುಚ್ಚಪಾ! ಅಮ್ಮನ್ನ ಒರಸ್ತಾನಂತ! ಗುಳ್ಳಿ ಒಡದ್ರ ನಿಮ್ಮಪ್ಪ ಬಂದು ವಾಸಿ ಮಾಡ್ತಾನೇನು?"

ಬಸ್ಸಿನ ಹೊತ್ತು ಆಗುತ್ತಿತ್ತು. ಇವರ ಜೊತೆ ವಾದಿಸಿ ಗೆದ್ದವರುಂಟೆ? ಕೊಟ್ಟೂರಪ್ಪ ಒಂದು ಬಗಲಲ್ಲಿ ಮಗನನ್ನು, ಇನ್ನೊಂದು ಕೈಯಲ್ಲಿ ಮಗಳನ್ನು ಹಿಡಿದು ಹಿತ್ತಲ ಬಾಗಿಲಿನಿಂದ ಓಟ ಕಿತ್ತ.

ಕುರುಗೋಡಿನ ಬಸ್ಸು ಇದ್ದಿಲಿನ ಹೊಗೆಯಲ್ಲಿ ಓಡುವಂಥದು. ಅದು ಕೆಮ್ಮುತ್ತ ಕೆಮ್ಮುತ್ತ ಊರು ದಾಟಿತು. ಕಿಟಕಿಯ ಬಿಸಿಲು ಸೀದಾ ಮಕ್ಕಳ ಮುಖಕ್ಕೆ ಹೊಡೆಯುತ್ತಿದ್ದುದರಿಂದ ಕೊಟ್ಟೂರಪ್ಪನಿಗೆ ಮುಲಾಮು ಒರೆಸುವ ಧೈರ್ಯವಾಗಲಿಲ್ಲ. ಒರೆಸಿದರೆ ಮೂಗಿನ ಸಿಪ್ಪೆ ಏಳುತ್ತದೆ, ಸಿಪ್ಪೆ ಎದ್ದರೆ ಹೆಂಡತಿ ಬರುವುದಿಲ್ಲ. ಇರಲಿ ಎಂದು ಸುಮ್ಮನೆ ಕೂತ.

ಕಂಡಕ್ಟರ್ ಸುಂಕಣ್ಣ ಹತ್ತಿರ ಬಂದವನು ಮಕ್ಕಳನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

"ಏನ್ರೀ ಇದು, ಮಕ್ಕಳ ಮೈಮ್ಯಾಲ?"

ಕೊಟ್ಟೂರಪ್ಪ ಬಾಯಿ ತೆರೆಯುವ ಮೊದಲೇ ಗಾದೆಮ್ಮ ಠೀವಿಯಿಂದ ಹೇಳಿದಳು: "ನಾವು ಅಮ್ಮನ್ನ ಕರ್ಕೊಂಡ್ ಬರಾಕ ಹೊಂಟೀವಿ."

"ಇನ್ನೂ ಕರ್ಕೊಂಡ್ ಬರಾಕ?" ಸುಂಕಣ್ಣ ಸೀಟಿ ಊದಿದ. ಬಸ್ಸು ಕೊಳಗಲ್ಲಿನಲ್ಲಿ ಗಕ್ಕನೆ ನಿಂತಿತು. ಹಿಂದಿದ್ದವರು ಕಿಟಕಿಯಿಂದಲೇ ಇಳಿದರು. ಆದರೆ ಒಬ್ಬರೂ ಬೈಯಲಿಲ್ಲ. ಒಬ್ಬ ಮುದುಕಿ ಜಂಬಣ್ಣನ ಕಾಲಿಗೆ ಬಿದ್ದು ಬೆಲ್ಲದಚ್ಚು ಇಟ್ಟಳು. ಅವನು ಬಾಯಿಗೆ ಹಾಕಿಕೊಂಡು, "ಇನ್ನೊಂದು" ಎಂದ.

ಅಮ್ಮ ಊರಿಗೆ ಬಂದರೆ ಹೊರಗೆ ಹೋಗು ಅನ್ನುವಂತಿಲ್ಲ, ಇಟ್ಟುಕೊಳ್ಳುವ ಧೈರ್ಯವೂ ಯಾರಿಗೂ ಇಲ್ಲ. ಮರ್ಯಾದೆಯಿಂದ ಪೂಜೆ ಮಾಡಿ, ಹಲಗೆ ಬಾರಿಸಿ, ಬಂಡಿಯಲ್ಲಿ ಕೂರಿಸಿ ಮುಂದಿನ ಊರಿನ ಗಡಿಗೆ ಮುಟ್ಟಿಸಿಬಿಡಬೇಕು. ಕೊಳಗಲ್ಲಿನ ಹಿರಿಯ ದುರುಗಣ್ಣ ತಡ ಮಾಡದೆ ಬಂಡಿ ಕಟ್ಟಿಸಿದ.

"ಯಜಮಾನ್ರೇ, ಇದು ಬಿಸಿಲಿಗೆ ಹಚ್ಚಿದ್ದು!" ಕೊಟ್ಟೂರಪ್ಪ ಕೈ ಮುಗಿದ.

"ಹೌದಪಾ, ಬಿಸಿಲಿಗೇ ಬರ್ತಾಳ ತಾಯಿ. ನೀ ಹತ್ತು ಬಂಡಿ. ಎಲ್ಲಿ ಮಟ ಹೋಗಬೇಕು?"

"ಕುರುಗೋಡಿಗೆ. ಇನ್ನ ಹತ್ತು ಮೈಲಿ ಐತಲ್ರೀ..."

"ಕೇಳಿದ್ರೇನು? ಮೈಲಿ ಅಂತ ಅವನ ಬಾಯಾಗಾ ಬಂತು!" ಎಂದ ದುರುಗಣ್ಣ. ಆ ಸೀಮೆಯಲ್ಲಿ ಸಿಡುಬಿಗೂ ಮೈಲಿ ಅಂತಲೇ ಹೆಸರು. ಕೊಟ್ಟೂರಪ್ಪ ಹಣೆ ಚಚ್ಚಿಕೊಂಡು ಬಂಡಿ ಹತ್ತಿದ.

ಆಮೇಲಿನದು ಕೇಳಬೇಡಿ. ಒಂದು ಊರಿನವರು ಗಡಿಗೆ ಬಿಟ್ಟರೆ ಇನ್ನೊಂದು ಊರಿನವರು ಅಲ್ಲೇ ಕಾದು ನಿಂತು, ಎತ್ತು ಬದಲಿಸಿ ಮುಂದಕ್ಕೆ ಸಾಗಹಾಕಿದರು. ಹಲಗೆಯ ಸದ್ದಿಗೆ ಕೊಟ್ಟೂರಪ್ಪನ ಕಿವಿ ಗುಂಯ್ ಅನ್ನುತ್ತಿತ್ತು. ಮಕ್ಕಳಿಗಂತೂ ಹಬ್ಬ. ಜಂಬಣ್ಣ ಬಾಳೆಹಣ್ಣು ತಿಂದು ಸಿಪ್ಪೆ ಎಸೆದರೆ ಅದನ್ನೂ ಪ್ರಸಾದವೆಂದು ಹಿಡಿಯುವವರಿದ್ದರು. ಗಾದೆಮ್ಮ ಬೇವಿನ ಟೊಂಗೆ ಆಡಿಸುತ್ತ, ಕೇಳಿದವರಿಗೆಲ್ಲ ವರ ಕೊಟ್ಟಳು. ಒಬ್ಬನಿಗೆ ಎಮ್ಮೆ ಈಯುತ್ತದೆಂದಳು. ಅವನ ಹತ್ತಿರ ಇದ್ದದ್ದು ಕೋಣ. ಆದರೂ ಅವನು ಕೈ ಮುಗಿದು ಹೋದ.

ಇದೆಲ್ಲದರ ನಡುವೆ ಕೊಟ್ಟೂರಪ್ಪನಿಗೆ ಒಂದು ಸಮಾಧಾನ ಮೂಡಿತು. ಬಿಟ್ಟಿ ಬಂಡಿ ಸಿಕ್ಕಿದೆ, ಕುರುಗೋಡು ಹತ್ತಿರವಾಗುತ್ತಿದೆ, ಮಕ್ಕಳ ಮೂಗು ಭದ್ರವಾಗಿದೆ. ರಾತ್ರಿ ಹೆಂಡತಿಯ ಕೈಯ ರೊಟ್ಟಿ ಗ್ಯಾರಂಟಿ ಎಂದುಕೊಂಡ.

ಕುರುಗೋಡಿನ ಗಡಿಯಲ್ಲಿ ಊರೇ ನೆರೆದಿತ್ತು. ಸುದ್ದಿ ಮೊದಲೇ ಮುಟ್ಟಿತ್ತು. ಅವರೂ ಕಾಯಿ ಒಡೆದರು, ಅವರೂ ಅಡ್ಡಬಿದ್ದರು. ಬಳಿಕ ಬಂಡಿಯ ಮೂಕಿಯನ್ನು ಸಿರುಗುಪ್ಪದ ದಾರಿಗೆ ತಿರುಗಿಸಿದರು.

"ಅಯ್ಯಯ್ಯೋ, ನಿಲ್ರಿ! ನಾ ಈ ಊರ ಅಳಿಯ!" ಕೊಟ್ಟೂರಪ್ಪ ಬಂಡಿಯಿಂದ ಧುಮುಕಿ ಗಾಲಿ ತಬ್ಬಿ ಕೂತ. "ಸಿರುಗುಪ್ಪದಾಗ ನನಗ್ಯಾರಿಲ್ಲ! ನಾನು ಅಮ್ಮನ್ನ ಕರ್ಕೊಂಡ್ ಹೋಗಾಕ ಬಂದೀನಿ!"

"ಅಮ್ಮ ನಿನ್ನ ಬಂಡ್ಯಾಗಾ ಅದಾಳಲ್ಲಪಾ, ಕರ್ಕೊಂಡ್ ಹೋಗು" ಎಂದರು ಜನ.

ಅಷ್ಟರಲ್ಲಿ ಗುಂಪು ಸೀಳಿಕೊಂಡು ವೀರಭದ್ರಮ್ಮ ಬಂದಳು. ಅವಳ ಹಿಂದೆ ಏದುಸಿರು ಬಿಡುತ್ತ ಅವಳ ತಾಯಿ ಈರಮ್ಮ. ಮಕ್ಕಳು ಬಂಡಿಯಲ್ಲಿ ಎದ್ದು ನಿಂತು ಗಂಟಲು ಹರಿಯುವಂತೆ ಚೀರಿದವು:

"ಅಮ್ಮಾ! ಅಮ್ಮ ಬಂದ್ಲು!"

ಜನವೆಲ್ಲ ಅವಳ ಕಡೆ ತಿರುಗಿತು. ವೀರಭದ್ರಮ್ಮನ ಎದೆ ಒಡೆದುಹೋಗಿತ್ತು. "ನನ್ನ ಕಂದಗೋಳ್ಗೆ ಏನಾತ್ರೀ!" ಎಂದು ಅಳುತ್ತ ಮಕ್ಕಳನ್ನು ಅಪ್ಪಿಕೊಂಡು, ಒದ್ದೆ ಸೆರಗಿನಿಂದ ಮುಖ ಒರೆಸಿದಳು. ಹೆತ್ತವಳ ಕೈ ಹಿಡಿಯುವ ಧೈರ್ಯ ಯಾರಿಗಿದೆ? ಕೆಂಪು ಚುಕ್ಕೆಗಳೆಲ್ಲ ಸೆರಗಿಗೆ ಬಂದವು. ಒಳಗೆ ಎರಡು ಮುಖ, ಹೊಸ ತಾಮ್ರದ ಚೊಂಬಿನ ಹಾಗೆ ಫಳಫಳ ಹೊಳೆದವು.

ವೀರಭದ್ರಮ್ಮ ಎರಡೂ ಮೂಗನ್ನು ಹಿಡಿದು ಅತ್ತ ಇತ್ತ ತಿರುಗಿಸಿ ನೋಡಿದಳು. ಎಲ್ಲೂ ಒಂದು ಸಿಪ್ಪೆ ಇರಲಿಲ್ಲ. ಕಣ್ಣೀರಿನಲ್ಲೇ ನಕ್ಕಳು. "ಏನರ ಅನ್ರಿ, ಚಲೋ ನೋಡ್ಕೊಂಡೀರಿ. ಸಂಜಿ ಬಸ್ಸಿಗಾ ಹೋಗೂಣು ನಡ್ರಿ."

ಕೊಟ್ಟೂರಪ್ಪನಿಗೆ ಕುಣಿಯಬೇಕೆನಿಸಿತು. ಎದ್ದು ಪಂಚೆ ಝಾಡಿಸಿಕೊಂಡ. ಆಗ ಗುಂಪಿನಿಂದ ಒಂದು ದನಿ ಬಂತು.

"ಒಂದಾ ಸೆರಗಿಗೆ ಸಿಡುಬು ಇಳದು ಹೋತು! ಕಂಡ್ರೇನು? ಮಕ್ಕಳು ಸುಳ್ಳು ಹೇಳ್ಲಿಲ್ಲ, ಇಕೀನ ಅಮ್ಮ!"

ಜಯಘೋಷ ಮುಗಿಲು ಮುಟ್ಟಿತು. ಯಾರೋ ಒಬ್ಬಳು ತನ್ನ ಜ್ವರದ ಕೂಸನ್ನು ತಂದು ವೀರಭದ್ರಮ್ಮನ ಉಡಿಗೆ ಹಾಕಿದಳು. ಇನ್ನೊಬ್ಬ ತನ್ನ ಹಲ್ಲುನೋವಿನ ಕಡೆ ಬೆರಳು ತೋರಿಸಿದ. "ಅಮ್ಮಾ, ಅಮ್ಮಾ" ಎಂದು ಊರಿಗೆ ಊರೇ ಕರೆಯಿತು. ವೀರಭದ್ರಮ್ಮ ಮೊದಲು ಗಾಬರಿಯಾದಳು, ಆಮೇಲೆ ನಾಚಿದಳು, ಆಮೇಲೆ ಮೆಲ್ಲಗೆ ಸೆರಗು ಸರಿಮಾಡಿಕೊಂಡಳು. ಈರಮ್ಮ ಓಡಿಹೋಗಿ ಮನೆಯ ಕಟ್ಟೆಯ ಮೇಲೆ ಕಂಬಳಿ ಹಾಸಿದಳು.

ಸಂಜೆಯ ಬಸ್ಸಿನ ಹೊತ್ತಿಗೆ ಕೊಟ್ಟೂರಪ್ಪ ಹೇಗೋ ನುಸುಳಿ ಕಟ್ಟೆಯ ಹತ್ತಿರ ಬಂದ. ವೀರಭದ್ರಮ್ಮನ ಕೊರಳಲ್ಲಿ ಹೂವಿನ ಹಾರಗಳಿದ್ದವು.

"ಏನಿದು? ಬಸ್ಸು ಬಂತು, ಏಳು!" ಎಂದ.

"ಶ್, ಮೆತ್ತಗ ಮಾತಾಡ್ರಿ. ಇಷ್ಟು ಮಂದಿ ನಂಬ್ಯಾರ, ಹೆಂಗ ಬಿಟ್ಟು ಬರ್ಲಿ? ಮಕ್ಕಳನ್ನ ನೀವು ನನಗಿಂತ ಚಲೋ ನೋಡ್ಕೊಂತೀರಿ. ಕರ್ಕೊಂಡ್ ಹೋಗ್ರಿ" ಎಂದಳು, ಒಬ್ಬ ಮುದುಕನ ತಲೆಯ ಮೇಲೆ ಕೈಯಿಡುತ್ತ.

"ಮತ್ತ ನಾ ಯಾವಾಗ ಬರ್ಲಿ?" ಕೊಟ್ಟೂರಪ್ಪನ ದನಿ ಅಳುವ ಹಾಗಿತ್ತು.

ವೀರಭದ್ರಮ್ಮನ ಪರವಾಗಿ ಅತ್ತೆ ಈರಮ್ಮನೇ ಉತ್ತರ ಕೊಟ್ಟಳು.

"ಮಂಗಳವಾರ, ಶುಕ್ರವಾರ ಬಿಟ್ಟು ಬರ್ರಿ ಅಳಿಯಂದ್ರೇ. ಆ ದಿನ ಮಂದಿ ಬಾಳ ಇರ್ತಾರ, ಪಾಳಿ ಸಿಗಂಗಿಲ್ಲ."