ಸರಕಾರಿ ಲೆಕ್ಕದಲ್ಲಿ ನನ್ನ ವಯಸ್ಸು

ಮುದುಕನೆನಿಸಿಕೊಳ್ಳುವುದು ಬಹಳ ಸುಲಭದ ಕೆಲಸವೆಂದು ನಾನು ತಿಳಿದಿದ್ದೆ. ಸುಮ್ಮನೆ ಬದುಕಿದ್ದರೆ ಸಾಕಲ್ಲ!

ವೃದ್ಧರ ಪಿಂಚಣಿಯನ್ನು ಸುಧಾರಿಸುತ್ತೇವೆಂದು ಸರಕಾರ ಆ ವರ್ಷ ಹೊಸ ನಿಯಮ ತಂದಿತ್ತು. ಅರವತ್ತೈದು ತುಂಬಿರಬೇಕು; ವಯಸ್ಸಿನ ದಾಖಲೆ ಇಲ್ಲದವರು ತಾಲೂಕು ಆಸ್ಪತ್ರೆಗೆ ಹೋಗಿ ಡಾಕ್ಟರರ ಮುಂದೆ ನಿಲ್ಲಬೇಕು. ಅವರು ನೋಡಿ ಬರೆದದ್ದೇ ವಯಸ್ಸು. ನಾನು ಎರಡನೇ ಇಯತ್ತೆಗೇ ಸಾಲೆಗೆ ಶರಣು ಹೊಡೆದವನು. ನನ್ನ ಹೆಸರಿದ್ದ ಸಾಲೆಯ ಪುಸ್ತಕವನ್ನು ಗೆದ್ದಲು ನನಗಿಂತ ಶ್ರದ್ಧೆಯಿಂದ ಓದಿ ಮುಗಿಸಿತ್ತು.

ನನಗೆ ಅರವತ್ತೆಂಟು. ಟ್ರ್ಯಾಕ್ಟರಿಗೆ ಕಬ್ಬು ಹೇರಿ ಹೇರಿ ಮೊಣಕಾಲು ಸವೆದಿದ್ದವು. ಪಿಂಚಣಿ ಬಂದರೆ ಹೇರುವುದನ್ನು ಬಿಡುವುದೆಂದು ನಿಶ್ಚಯಿಸಿದ್ದೆ.

ರಾಯಬಾಗಕ್ಕೆ ಹೊರಡುವ ದಿನ ಮೀಸೆಗೆ ಕಪ್ಪು ಬಣ್ಣ ಹಚ್ಚಿ, ಇಸ್ತ್ರಿ ಧೋತರ ಉಟ್ಟು, ರುಮಾಲು ಸುತ್ತಿದೆ.

"ಅಲ್ರೀ, ಮುದುಕರಾಗಾಕ ಹೊಂಟೀರೋ, ಮದಿವಿ ಆಗಾಕ ಹೊಂಟೀರೋ?" ಎಂದಳು ಹೆಂಡತಿ ಕೃಷ್ಣಾಬಾಯಿ.

"ಸುಮ್ನಿರು. ದೊಡ್ಡ ಮಂದಿ ಮುಂದ ನಿಲ್ಲೂದೈತಿ. ಮನಿತನದ ಮರ್ಯಾದಿ ಪ್ರಶ್ನಿ!"

ನನಗಿಂತ ಮೂರು ವರ್ಷ ಚಿಕ್ಕವಳಾದ ಅವಳೂ ತನ್ನ ವಯಸ್ಸು ಬರೆಸಲು ಹಳೇ ಸೀರೆಯಲ್ಲೇ ಬಂದಳು.

ಡಾಕ್ಟರರು ನನ್ನ ಮೀಸೆಯನ್ನೇ ನೋಡಿ ಕೇಳಿದರು: "ಈಗ ದುಡಿಯಾಕ ಆಗೂದಿಲ್ಲೇನ್ರಿ?"

ಅಲ್ಲಿಗೆ ನನ್ನ ಸ್ವಾಭಿಮಾನ ಸಿಡಿದೆದ್ದಿತು! "ಯಾರಂದ್ರಿ? ಈಗೂ ಕಬ್ಬಿನ ಹೊರಿ ಹೊತ್ತು ನಿಚ್ಚಣಿಕಿ ಏರತೀನಿ!" ಎಂದವನೇ, ಮೂಲೆಯಲ್ಲಿದ್ದ ಔಷಧದ ಪೆಟ್ಟಿಗೆಯನ್ನು ತಲೆಯ ಮೇಲೆತ್ತಿದೆ. ಯಾರೂ ಕೇಳಿರಲಿಲ್ಲ. "ಎಲ್ಲಿ ಇಡ್ಲಿರಿ ಸಾಹೇಬ್ರ?" ಎಂದು ಬೇರೆ ವಿಚಾರಿಸಿದೆ.

ಅವರು ಬರೆದರು: ಐವತ್ತೆರಡು.

"ಅರವತ್ತೆಂಟ್ರೀ ಸಾಹೇಬ್ರ!"

"ಹದಿಮೂರು ವರ್ಷ ಬಿಟ್ಟು ಬರ್ರಿ ಮಾಮಾ. ಗಟ್ಟಿ ಅದೀರಿ."

ಮುಂದೆ ಕೃಷ್ಣಾಬಾಯಿಯ ಪಾಳಿ. ಅವಳು ಮಾಡಿದ್ದು ಇಷ್ಟೇ: "ಯವ್ವಾ" ಎಂದು ಸ್ಟೂಲಿನ ಮೇಲೆ ಕೂತಳು. ಎಪ್ಪತ್ತು ಬಿತ್ತು!

ನಾನು ಇಪ್ಪತ್ತೊಂದಕ್ಕೆ ಅವಳ ಕೊರಳಿಗೆ ತಾಳಿ ಕಟ್ಟಿದವನು. ಈ ಸರಕಾರಿ ಲೆಕ್ಕ ಹಿಡಿದರೆ, ಆಗ ನನಗೆ ಐದು ವರ್ಷ.

ಅವಳ ಪಿಂಚಣಿ ಮಂಜೂರಾಯಿತು. "ಇಬ್ಬರಿಗೂ ಇಷ್ಟ ಸಾಕು. ಇನ್ನ ಕಬ್ಬು ಮುಟ್ಟಿದ್ರ ನೋಡ್ರಿ!" ಎಂದು ಅವಳೇ ನನ್ನನ್ನು ನಿವೃತ್ತಿಗೊಳಿಸಿದಳು.

ಮೊದಲ ತಿಂಗಳು ಹೊಸ ಪೋಸ್ಟ್‌ಮನ್ ಬಾಗಿಲಿಗೆ ಬಂದ. ಕಾಗದದಲ್ಲಿದ್ದ ವಯಸ್ಸು ನೋಡಿದ, ಕಟ್ಟೆಯ ಮೇಲೆ ಕಾಲು ಚಾಚಿ ಕೂತ ನನ್ನನ್ನೂ ನೋಡಿದ.

"ಅಜ್ಜೀನ ಕರೀರಿ. ನೀವು ಮಗ ಏನ್ರಿ?"

ಒಳಗಿನಿಂದ ಕೃಷ್ಣಾಬಾಯಿಯೇ ಉತ್ತರಿಸಿದಳು: "ಹೌದ್ರಿ, ಇರಾಂವ ಒಬ್ಬ ಮಗ. ಇನ್ನೂ ದುಡಿಯಾಕ ಹತ್ತಿಲ್ಲ!"

ನಾನು ಎದ್ದು, ಅವಳ ಹೆಬ್ಬೆರಳಿಗೆ ಶಾಯಿ ಹಚ್ಚಿಕೊಟ್ಟು, ಚಹಾ ಮಾಡಲು ಒಳಗೆ ಹೋದೆ.