ಬೆಲ್ಮಿರೊ ತಿರುಗಿಸಿದ ಹಳ್ಳ

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದ ಬೆಲ್ಮಿರೊಗೆ ಹಳ್ಳ ಎಡಗಡೆ ಕಾಣಬೇಕಿತ್ತು. ಬಲಗಡೆ ಕಂಡಿತು.

ಕಣ್ಣುಜ್ಜಿಕೊಂಡು ಇನ್ನೊಮ್ಮೆ ನೋಡಿದ. ಹಳ್ಳ ಅಲ್ಲೇ ಇತ್ತು. ರಾತ್ರಿ ಸುರಿದ ಮಳೆಯೂ ಉಕ್ಕಿದ ಕಡಲೂ ಸೇರಿ ಏನು ಮಸಲತ್ತು ಮಾಡಿದವೋ, ಇಷ್ಟು ವರ್ಷ ಅಂಗಡಿಯ ದಕ್ಷಿಣಕ್ಕೆ ತೆಪ್ಪಗೆ ಹರಿದು ಕಡಲು ಸೇರುತ್ತಿದ್ದ ಹಳ್ಳ ಈಗ ಉತ್ತರಕ್ಕೆ ಹರಿಯುತ್ತಿತ್ತು. ಬೇರೆಯವರಿಗಾದರೆ ಇದೊಂದು ಸೋಜಿಗ. ಬೆಲ್ಮಿರೊಗೆ ಮಾತ್ರ ಜೀವ ಬಾಯಿಗೆ ಬಂತು.

ಮೊರೆಲಾ ಪಂಚಾಯಿತಿಗೂ ತ್ರೆಗಾಲ್ ಪಂಚಾಯಿತಿಗೂ ನಡುವಿನ ಗಡಿ ಅಂದರೆ ಆ ಹಳ್ಳವೇ. ಹಳ್ಳದ ಉತ್ತರಕ್ಕೆ ಮೊರೆಲಾ, ದಕ್ಷಿಣಕ್ಕೆ ತ್ರೆಗಾಲ್. ನಿನ್ನೆ ಮೊರೆಲಾದಲ್ಲಿ ಮಲಗಿದ ಅಂಗಡಿ ಇವತ್ತು ತ್ರೆಗಾಲಿನಲ್ಲಿ ಎದ್ದಿತ್ತು. ತ್ರೆಗಾಲಿನ ಅಧ್ಯಕ್ಷ ಅದೆರಿತೊ ಎಂಥವನು ಅಂದರೆ, "ಆ ಸಾರ್ಡೀನ್ ಮೀನಿನ ಗುಡಿಸಲು ನನ್ನ ಮರಳ ಮೇಲೆ ಇದ್ದಿದ್ರೆ ಒಂದೇ ದಿನದಲ್ಲಿ ಕಿತ್ತು ಸೌದೆ ಮಾಡ್ತಿದ್ದೆ" ಎಂದು ಮದುವೆ ಮನೆಯಲ್ಲೂ ಹೇಳುವವನು. ಅವನ ಮಗಳ ಹೋಟೆಲಿಗೆ ಬರಬೇಕಾದ ಲಿಸ್ಬನ್ನಿನ ಗಿರಾಕಿಗಳು ಬೇಸಿಗೆ ಪೂರ್ತಿ ಬೆಲ್ಮಿರೊ ಮೀನು ಸುಡುವ ಕೆಂಡದ ಮುಂದೆ ಕೂತಿರುತ್ತಿದ್ದರು.

ಸಾಲದ್ದಕ್ಕೆ ಸರ್ವೆ ಸಾಹೇಬರು ಬರುವುದೂ ಇವತ್ತೇ. ಎರಡೂ ಊರಿನ ಜಗಳ ಕೇಳಿ ಕೇಳಿ ಸಾಕಾಗಿ ಮೇಲಿನವರು ಹೇಳಿ ಕಳಿಸಿದ್ದರು: ಸಾಹೇಬರು ಬಂದ ಹೊತ್ತಿಗೆ ಹಳ್ಳ ಎಲ್ಲಿ ಕಡಲು ಸೇರುತ್ತಿರುತ್ತದೋ ಅಲ್ಲಿ ಕಬ್ಬಿಣದ ಗೂಟ, ಆಮೇಲೆ ಹಳ್ಳ ಎತ್ತ ಹೋದರೂ ಗೂಟ ಅಲ್ಲಾಡುವುದಿಲ್ಲ.

ಬೆಲ್ಮಿರೊ ಕಾಫಿ ಕೂಡ ಕುಡಿಯದೆ ಸನಿಕೆ ಎತ್ತಿಕೊಂಡ.

ಅಗೆಯಲು ಶುರು ಮಾಡಿದ್ದೇ ತಡ, ನಿವೃತ್ತ ಅಂಚೆಯವ ಎವರಿಸ್ಟೊ ಬಂದು ಬೋರಲು ಹಾಕಿದ್ದ ದೋಣಿಯ ಮೇಲೆ ಕೂತ. ಮೊರೆಲಾದ ಚರಿತ್ರೆ ಬರೆಯುತ್ತೇನೆಂದು ಊರಿಗೆಲ್ಲ ಹೇಳಿಕೊಂಡಿರುವ ಮನುಷ್ಯ. ಬರೆದದ್ದನ್ನು ಯಾರೂ ಕಂಡಿಲ್ಲ, ಕೇಳದೆ ಉಳಿದವರೂ ಇಲ್ಲ.

"ಹೊಸದೇನಲ್ಲ ಬಿಡು," ಅಂದ ಎವರಿಸ್ಟೊ. "ನಮ್ಮಜ್ಜನ ಕಾಲದಲ್ಲಿ ಹಡಗು ಒಡೆದು ವೈನಿನ ಪೀಪಾಯಿ ಇದೇ ದಡಕ್ಕೆ ಬಂದಿದ್ವು. ಆವತ್ತು ಈ ಹಳ್ಳ ಮೂರು ಸಲ ಊರು ಬದಲಾಯಿಸ್ತು. ಇವರು ತಿರುಗ್ಸೋದು, ಅವರು ತಿರುಗ್ಸೋದು. ಕಡಲು ಯಾರ ಮರಳ ಮೇಲೆ ಎಸೆಯುತ್ತೋ ಅದು ಅವರದ್ದು, ನೋಡು. ರಾಜರ ಕಾಲದ ಕಟ್ಟಳೆ. ಇವತ್ತಿಗೂ ಅದೇ."

"ನಿಮ್ಮಜ್ಜ ಸನಿಕೆ ಹಿಡಿದಿದ್ರಾ?"

"ಇಲ್ಲ. ಹೇಗೆ ಅಗೀಬೇಕು ಅಂತ ಹೇಳ್ತಿದ್ರು."

ಅಷ್ಟರಲ್ಲಿ ಮೊರೆಲಾದ ಅಧ್ಯಕ್ಷೆ ಲಿಯೊಂತಿನಾ ಕೊಡೆ ಹಿಡಿದು ಬಂದಳು. ಬೆಳಗಿನಿಂದ ಬೀಸುತ್ತಿದ್ದ ಬಡಗಣ ಗಾಳಿಗೆ ಕೊಡೆ ಮಗುಚಿಕೊಂಡಿತು.

"ಗಡಿ ಹಳ್ಳಕ್ಕೆ ಕೈ ಹಾಕೋದು ಅಪರಾಧ, ಬೆಲ್ಮಿರೊ," ಅಂದಳು. "ನಾನೇನೂ ನೋಡಿಲ್ಲ. ಸ್ವಲ್ಪ ಎಡಕ್ಕೆ ಅಗಿ."

"ಯಾರನ್ನಾದ್ರೂ ಸಹಾಯಕ್ಕೆ ಕಳಿಸಿ ಅಮ್ಮಾ."

"ಕಳಿಸಿದ್ರೆ ನೋಡಿದ ಹಾಗಾಗುತ್ತೆ. ಆಮೇಲೆ ಈ ಗುಂಡಿ ದಿಣ್ಣೆ ಎಲ್ಲ ಸಮ ಮಾಡಿಬಿಡು. ಗಡಿವರೆಗಿನ ದಡ ಚೊಕ್ಕಟ ಇಡೋದು ಅಂಗಡಿಯವನ ಕೆಲಸ, ಲೈಸೆನ್ಸ್ ಕೊಡೋವಾಗ್ಲೇ ಹೇಳಿದ್ದೀನಿ."

"ಅಂಗಡಿ ಉಳಿದ್ರೆ ನಾಲಿಗೆಯಲ್ಲಿ ಬೇಕಾದ್ರೂ ಚೊಕ್ಕಟ ಮಾಡ್ತೀನಿ."

"ಎವರಿಸ್ಟೊ, ಈ ಮಾತಿಗೆ ನೀವೇ ಸಾಕ್ಷಿ," ಅಂದಳು ಲಿಯೊಂತಿನಾ. ಸಾಹೇಬರನ್ನು ಊಟಕ್ಕೆ ಕೂರಿಸಿ ಆದಷ್ಟು ಹೊತ್ತು ಏಳದಂತೆ ನೋಡಿಕೊಳ್ಳುತ್ತೇನೆಂದು ಊರ ಕಡೆ ಹೋದಳು.

ಹಸಿ ಮರಳು ಯಾರ ಮಾತು ಕೇಳುತ್ತದೆ? ಒಂದು ಮೊಳ ತೋಡಿದರೆ ಅರ್ಧ ಮೊಳ ಕುಸಿಯುತ್ತಿತ್ತು. ಬೆಲ್ಮಿರೊನ ಅಂಗೈಯಲ್ಲಿ ಬೊಬ್ಬೆ ಎದ್ದವು. ಉಬ್ಬರ ಏರತೊಡಗಿತು. ಕಡಲು ಇನ್ನು ನಾಲ್ಕು ಹೆಜ್ಜೆ ಮುಂದೆ ಬಂದರೆ ತೋಡಿದ್ದೆಲ್ಲ ಒಂದೇ ಅಲೆಗೆ ಮುಚ್ಚಿಹೋಗುತ್ತಿತ್ತು. ಈ ವಯಸ್ಸಿನಲ್ಲಿ ಅಂಗಡಿ ಹೋದರೆ ತನ್ನನ್ನು ಯಾರು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ ಎಂದು ನೆನೆದಾಗೆಲ್ಲ ಅವನಿಗೆ ಅಳು ಬರುತ್ತಿತ್ತು.

ಆಗ ದಕ್ಷಿಣದ ಮರಳದಿಬ್ಬ ದಾಟಿಕೊಂಡು ತ್ರೆಗಾಲಿನವರು ಬಂದರು. ಹನ್ನೆರಡು ಗಂಡಸರು, ಎಲ್ಲರ ಹೆಗಲ ಮೇಲೂ ಸನಿಕೆ. ಮುಂದೆ ಅದೆರಿತೊ, ಮೂಗಿಗೆ ಕರವಸ್ತ್ರ ಒತ್ತಿಕೊಂಡು.

ಎವರಿಸ್ಟೊ ದೋಣಿಯ ಹಿಂದಕ್ಕೆ ಸರಿದ. ಬೆಲ್ಮಿರೊ ಸನಿಕೆಯನ್ನು ದೊಣ್ಣೆಯ ಹಾಗೆ ಹಿಡಿದುಕೊಂಡ.

"ಅದನ್ನ ಕೆಳಗಿಡೋ ಮಾರಾಯ," ಅಂದ ಅದೆರಿತೊ ಕರವಸ್ತ್ರದೊಳಗಿಂದಲೇ. "ಹೊಡೆದಾಡೋಕೆ ಬಂದಿಲ್ಲ. ನಿನ್ನ ಹಳ್ಳ ನಿನಗೆ ಕೊಟ್ಟು ಹೋಗೋಕೆ ಬಂದಿದ್ದೀವಿ."

"ನೀವಾ?"

"ಬಾಯಲ್ಲಿ ಏನೋ ಅಂದಿರ್ತೀನಪ್ಪ. ಹಾಗಂತ ಮಳೆ ನೆಪದಲ್ಲಿ ಒಬ್ಬನ ಅನ್ನ ಕಿತ್ಕೊಳ್ಳೋಕಾಗುತ್ತಾ? ರಾತ್ರಿ ನಿದ್ದೆ ಬರಬೇಡ್ವಾ ನಂಗೆ?"

"ಮೂಗಿಗೇನಾಯ್ತು?"

"ಶೀತ," ಅಂದ ಅದೆರಿತೊ. ಅವನ ಹಿಂದಿದ್ದವರೂ ಮೂಗು ಮುಚ್ಚಿಕೊಂಡು ತಲೆಯಾಡಿಸಿದರು. "ಊರಿಗೆಲ್ಲ ಹರಡಿದೆ. ನೀನು ಹತ್ತಿರ ಬರಬೇಡ."

ಹನ್ನೆರಡು ಸನಿಕೆ ಮರಳಿಗೆ ಬಿದ್ದವು. ನೋಡುನೋಡುತ್ತಿದ್ದ ಹಾಗೇ ಹಳ್ಳ ಹಳೇ ದಾರಿಗೆ ತಿರುಗಿತು. ಬೆಲ್ಮಿರೊ ಸಾಕು ಎಂದು ಕೈ ಮುಗಿದ. ಅದೆರಿತೊ ಒಪ್ಪಲಿಲ್ಲ.

"ಇಲ್ಲಿಗೇ ಯಾಕೆ ನಿಲ್ಲಿಸ್ತೀಯ? ಆ ಮರಳದಿಬ್ಬದ ಆಚೆಗೂ ಎಳ್ಕೊಂಡು ಹೋಗ್ತೀವಿ. ಬೇಸಿಗೆಯಲ್ಲಿ ನಾಲ್ಕು ಮೇಜು ಜಾಸ್ತಿ ಹಾಕ್ಕೋ. ಅಕ್ಕಪಕ್ಕದೋರ ಮಧ್ಯೆ ಒಂದು ಚೂರು ಮರಳೇನು ದೊಡ್ಡದಾ?"

ಬೆಲ್ಮಿರೊ ಇನ್ನೊಮ್ಮೆ ಕೈ ಮುಗಿದ. ಅಗೆಯಲು ತಾನೂ ಹೊರಟರೆ ಬಿಡಲಿಲ್ಲ. "ನೀನು ಸುಸ್ತಾಗಿದ್ದೀಯ, ಕೂತ್ಕೋ," ಎಂದು ಭುಜ ಹಿಡಿದು ಕೂರಿಸಿದರು. ಅವರೆಲ್ಲ ದಿಬ್ಬದ ಆಚೆ ಮರೆಯಾದರು. ಆ ಕಡೆ ಆಕಾಶದಲ್ಲಿ ಕಡಲಹಕ್ಕಿಗಳು ಜಾತ್ರೆ ಸೇರಿದ್ದವು.

"ಏನು ಹಕ್ಕಿ ಇವತ್ತು," ಅಂದ ಬೆಲ್ಮಿರೊ.

"ಚರಿತ್ರೆ ನೋಡೋಕೆ ಬಂದಿವೆ," ಅಂದ ದೋಣಿಯ ಮೇಲೆ ಮತ್ತೆ ಕೂತಿದ್ದ ಎವರಿಸ್ಟೊ. "ಇಷ್ಟು ಕಾಲದಲ್ಲಿ ತ್ರೆಗಾಲಿನವರು ನಮಗೆ ಒಂದು ಹಿಡಿ ಮರಳು ಕೊಟ್ಟವರಲ್ಲ."

ಲಿಯೊಂತಿನಾಳ ಸೊಪ್ಪಿನ ಸಾರು, ಜೋಳದ ರೊಟ್ಟಿ, ಮೂರು ಬಗೆಯ ಮೀನು, ಎರಡು ಬಗೆಯ ವೈನು ಎಲ್ಲ ಮುಗಿಸಿ ಸಾಹೇಬರು ಬಂದಾಗ ಕಣ್ಣು ಅರ್ಧ ಮುಚ್ಚಿತ್ತು. ಮರಳಿನಲ್ಲಿ ನಡೆಯಲು ಅವರಿಗೆ ಮನಸ್ಸಿರಲಿಲ್ಲ. ದಿಬ್ಬದ ತುದಿಯಲ್ಲಿ ಅದೆರಿತೊನ ಕಡೆಯವನೊಬ್ಬ ಕೋಲು ಎತ್ತಿ ಹಳ್ಳ ಕಡಲು ಸೇರುವ ಜಾಗ ತೋರಿಸಿದ. ಸಾಹೇಬರು ದುರ್ಬೀನಿನಲ್ಲಿ ನೋಡಿ ನಕ್ಷೆಯ ಮೇಲೆ ಗೆರೆ ಎಳೆದರು. ಅಧ್ಯಕ್ಷರಿಬ್ಬರೂ ಸಹಿ ಹಾಕಿದರು. ದಿಬ್ಬದ ಆಚೆ ತ್ರೆಗಾಲಿನವರು ಗೂಟ ಹೊಡೆಯುವ ಸದ್ದು ಕೇಳಿದಾಗ ಬೆಲ್ಮಿರೊ ಅದೆರಿತೊನನ್ನು ಅಪ್ಪಿಕೊಂಡೇಬಿಟ್ಟ, ಶೀತವನ್ನೂ ಲೆಕ್ಕಿಸದೆ. ಎಲ್ಲರಿಗೂ ಪುಕ್ಕಟೆ ಸಾರ್ಡೀನ್ ಎಂದು ಕೆಂಡ ಊದಲು ಕೂತ.

ಕೆಂಡ ಕೆಂಪಾಗುವ ಹೊತ್ತಿಗೆ ಬಡಗಣ ಗಾಳಿ ನಿಂತಿತು. ಒಂದು ಗಳಿಗೆ ಎಲೆಯೂ ಅಲ್ಲಾಡಲಿಲ್ಲ. ಆಮೇಲೆ ದಕ್ಷಿಣದಿಂದ ಮೆಲ್ಲಗೆ ಗಾಳಿ ತಿರುಗಿತು.

ಸಾಹೇಬರ ನಿದ್ದೆ ಹಾರಿಹೋಯಿತು. "ಏನ್ರೀ ಅದು?" ಎಂದು ಮೂಗು ಹಿಡಿದುಕೊಂಡರು. ಲಿಯೊಂತಿನಾ ಮೀನು ಕೊಳೆತಿದೆಯಾ ಎಂದು ಬೆಲ್ಮಿರೊನ ಬುಟ್ಟಿ ನೋಡಿದಳು. ಬುಟ್ಟಿಯಲ್ಲಿದ್ದದ್ದು ಬೆಳಗಿನ ಮೀನು.

ಬೆಲ್ಮಿರೊ ದಿಬ್ಬದ ಕಡೆಗೆ ಓಡಿದ, ಹಿಂದೆಯೇ ಲಿಯೊಂತಿನಾ, ಎವರಿಸ್ಟೊ. ಹತ್ತಿ ನೋಡಿದ.

ಕೆಳಗೆ, ಹೊಸ ಗೂಟದ ಈಚೆಗೆ, ಮೊರೆಲಾದ ಮರಳ ಮೇಲೆ, ಒಂದು ತಿಮಿಂಗಿಲ ಬಿದ್ದಿತ್ತು. ಸತ್ತು ಎಷ್ಟೋ ದಿನವಾಗಿ, ಅವನ ಅಂಗಡಿಯ ಎರಡರಷ್ಟು ಊದಿಕೊಂಡಿತ್ತು. ಹಳ್ಳ ಅದರ ಬಾಲವನ್ನೂ ತಾಕದಂತೆ ಜೋಪಾನವಾಗಿ ಬಳಸಿ ಹರಿಯುತ್ತಿತ್ತು.

ಆಗಲೇ ತನ್ನವರ ಜೊತೆ ಹಳ್ಳ ದಾಟಿ ಆಚೆ ದಡದಲ್ಲಿ ನಿಂತಿದ್ದ ಅದೆರಿತೊ ಕರವಸ್ತ್ರ ಮಡಚಿ ಜೇಬಿಗಿಟ್ಟುಕೊಂಡ. ಎದೆ ತುಂಬ ಉಸಿರೆಳೆದ.

"ರಾಜರ ಕಾಲದ ಕಟ್ಟಳೆ ಏನೋ ಇದೆಯಲ್ಲ, ಎವರಿಸ್ಟೊ ಅವ್ರೇ," ಅಂದ. "ಕಡಲು ಯಾರ ಮರಳ ಮೇಲೆ ಎಸೆಯುತ್ತೋ, ಆಮೇಲೇನು?"

ಜೀವಮಾನದಲ್ಲಿ ಮೊದಲ ಸಲ ಎವರಿಸ್ಟೊಗೆ ಚರಿತ್ರೆ ಮರೆತುಹೋಯಿತು. ಬೆಲ್ಮಿರೊ ಲಿಯೊಂತಿನಾಳ ಮುಖ ನೋಡಿದ. ಅವಳು ಆಗಲೇ ಮೂಗು ಮುಚ್ಚಿಕೊಂಡು ಊರ ಕಡೆ ತಿರುಗಿದ್ದಳು.

"ಗಡಿವರೆಗಿನ ದಡ ಅಂಗಡಿಯವನದ್ದು," ಅಂದಳು ಹೋಗುತ್ತಲೇ. "ಸಾಕ್ಷಿ ಇದ್ದಾರೆ."

ತ್ರೆಗಾಲಿನವರೂ ಹೊರಟರು. ನಾಲ್ಕು ಹೆಜ್ಜೆ ಹೋದ ಅದೆರಿತೊ ಏನೋ ನೆನಪಾದವನಂತೆ ನಿಂತು, ಹನ್ನೆರಡು ಸನಿಕೆಗಳನ್ನೂ ಹಳ್ಳದ ಈಚೆಗೆ ಎಸೆಯಿಸಿದ.

"ಇಟ್ಕೋ," ಅಂದ. "ಹೂತಾದ ಮೇಲೆ ನಿಧಾನವಾಗಿ ವಾಪಸ್ ಕೊಡು. ನಮಗೇನೂ ಅವಸರ ಇಲ್ಲ."