ವಿಭೂತಿ ಹಚ್ಚಿದ ಪಿಸ್ತೂಲುಗಳು

ಪಿಸ್ತೂಲು ಚೀಲಕ್ಕೆ ಹಾಕಿಕೊಂಡು ಹೊರಟ ದಿನ ಏನಾದರೊಂದು ಎಡವಟ್ಟು ಆಗದೆ ನಾನು ಮನೆಗೆ ವಾಪಸ್ ಬಂದದ್ದೇ ಇಲ್ಲ. ಹಾಗಂತ ನಾನೇನು ರೌಡಿಯಲ್ಲ. ಜಿರಲೆ ಕಂಡರೂ ಹೆಂಡತಿಯನ್ನು ಕೂಗುವ ಆಸಾಮಿ. ನಮ್ಮದು ಬೀಟೆ ಮರದಲ್ಲಿ ಚಿತ್ತಾರ ಕೂರಿಸುವ ಮನೆತನ. ಅಪ್ಪ ಹಲಗೆಯ ಮೇಲೆ ಆನೆ, ನವಿಲು ಕೂರಿಸುತ್ತಿದ್ದರು. ನಾನು ಅದೇ ಮರದಲ್ಲಿ ಸಿನಿಮಾದವರಿಗೆ ಪಿಸ್ತೂಲು, ರಿವಾಲ್ವರ್ ಮಾಡಿಕೊಡುತ್ತೇನೆ. ಆನೆ ಕೊಳ್ಳುವವರು ಕಡಿಮೆಯಾದರು, ಕೊಲೆಯ ಸಿನಿಮಾಗಳು ಜಾಸ್ತಿಯಾದವು, ಅಷ್ಟೇ.

ನನ್ನ ಕೆಲಸದ ಬಗ್ಗೆ ನನಗೆ ಜಂಭ ಇದೆ, ಯಾಕೆ ಸುಳ್ಳು ಹೇಳಲಿ. ಕಪ್ಪು ಬಣ್ಣ ಹೊಡೆದು, ಪಾಲಿಶ್ ತಿಕ್ಕಿ, ಹೊಟ್ಟೆಯೊಳಗೆ ಸೀಸ ತುಂಬಿ ತೂಕ ಕೊಟ್ಟರೆ ನಿಜವಾದದ್ದರ ಪಕ್ಕ ಇಟ್ಟರೂ ಗೊತ್ತಾಗಬಾರದು. ಬೆರಳಲ್ಲಿ ಎಳೆಯುವ ಕೊಕ್ಕೆಗೆ ಕುದುರೆ ಅಂತಾರೆ. ಅದಕ್ಕೂ ಸ್ಪ್ರಿಂಗ್ ಕೂರಿಸಿದ್ದೇನೆ. ಎಳೆದರೆ 'ಟಿಕ್' ಅನ್ನುತ್ತದೆ. 'ಢಂ' ಅನ್ನುವುದನ್ನು ಆಮೇಲೆ ಸ್ಟುಡಿಯೋದಲ್ಲಿ ಸೇರಿಸಿಕೊಳ್ಳುತ್ತಾರೆ. ಈ ಜಂಭ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಅಂತ ಕೊನೆಗೆ ಹೇಳುತ್ತೇನೆ.

೧. ಎರಡನೇ ಸಲ ಚಟ್ನಿ

ಲಕ್ಷ್ಮೀಪುರಂನಲ್ಲಿ ನಾನು ದಿನಾ ತಿಂಡಿ ತಿನ್ನುವ ಹೋಟೆಲ್ ಒಂದಿದೆ. ಅಲ್ಲಿ ಚಟ್ನಿ ಬಡಿಸುವವರಿಗೆ ಮೊದಲನೇ ಸಲ ಕೇಳಿದ್ದು ಕೇಳಿಸುತ್ತದೆ, ಎರಡನೇ ಸಲದ್ದು ಕೇಳಿಸುವುದಿಲ್ಲ. ವರ್ಷಗಟ್ಟಲೆ ಕೂಗಿ ಸೋತಿದ್ದೆ. ಒಂದು ಬೆಳಿಗ್ಗೆ ನಿರ್ದೇಶಕರಿಗೆ ತೋರಿಸಲು ಹೊಸ ಪಿಸ್ತೂಲು ಒಯ್ಯುತ್ತಿದ್ದೆ. ಚೀಲದ ಜಿಪ್ ಕಿತ್ತುಹೋಗಿತ್ತು. "ಸ್ವಲ್ಪ ಚಟ್ನಿ" ಅಂತ ಕೈ ಎತ್ತಿದ್ದೇ ತಡ, ಅದು ಚೀಲದಿಂದ ಜಾರಿ ಇಡ್ಲಿ ತಟ್ಟೆಯ ಪಕ್ಕಕ್ಕೆ ಧಡ್ ಅಂತ ಬಿತ್ತು.

ಪಕ್ಕದಲ್ಲಿ ದೋಸೆ ತಿನ್ನುತ್ತಿದ್ದವರು ತುತ್ತನ್ನು ಬಾಯಿಗೂ ಒಯ್ಯಲಿಲ್ಲ, ತಟ್ಟೆಗೂ ಇಳಿಸಲಿಲ್ಲ. ಒಳಗೆ ಎಲ್ಲೋ ನಲ್ಲಿ ತೊಟ್ಟಿಕ್ಕುವುದು ಮಾತ್ರ ಕೇಳುತ್ತಿತ್ತು. ಚಟ್ನಿಯವರು ನನ್ನ ಕಣ್ಣನ್ನೇ ನೋಡುತ್ತಾ ಒಂದೊಂದೇ ಹೆಜ್ಜೆ ಇಟ್ಟು ಬಂದರು. ಬಕೆಟ್ಟನ್ನೇ ನನ್ನ ಮುಂದೆ ಇಟ್ಟು ಹಿಂದೆ ಸರಿದು, "ಸಾಂಬಾರ್ ಬಕೆಟ್ಟೂ ತಂದ್ಬುಡ್ಲಾ ಅಣ್ಣ?" ಅಂದರು.

ಸಾಂಬಾರಿಗಿಂತ ಮೊದಲು ಪೊಲೀಸರು ಬಂದರು. ಠಾಣೆಯಲ್ಲಿ ಇನ್ಸ್‌ಪೆಕ್ಟರು ಅದನ್ನು ತಿರುಗಿಸಿ, ಬೆರಳಲ್ಲಿ ತಟ್ಟಿ, ಮರ ಅಂತ ಗೊತ್ತಾದ ಮೇಲೆ ಉಸಿರುಬಿಟ್ಟರು. "ಕೆಲಸ ಚೆನ್ನಾಗಿದೆ ಕಣ್ರೀ. ಅದೇ ತಲೆನೋವು. ಇದು ಯಾವನಾದ್ರೂ ಕಳ್ಳನ ಕೈಗೆ ಸಿಕ್ಕಿದ್ರೆ ಏನ್ ಗತಿ? ಇನ್ಮೇಲೆ ದಿನಾ ಸಂಜೆ ಎಣಿಸಿ, ಎಷ್ಟಿದೆ ಅಂತ ನನಗೆ ಫೋನ್ ಮಾಡ್ಬೇಕು. ಒಂದು ಕಡಿಮೆ ಅಂದ್ರೂ ನಿಮ್ಮ ಕೆಲಸಕ್ಕೆ ಬೀಗ."

ಈ ವಯಸ್ಸಿನಲ್ಲಿ ಬೇರೆ ಯಾವ ಕೆಲಸ ಕಲಿಯಲಿ? ನನ್ನ ಹತ್ತಿರ ಇದ್ದದ್ದು ಹನ್ನೊಂದು. ಅಂದಿನಿಂದ ದಿನಾ ಸಂಜೆ ಫೋನ್ ಹಚ್ಚಿ "ಸಾರ್, ಹನ್ನೊಂದು" ಅನ್ನುತ್ತಿದ್ದೆ, ಅವರು "ಹೂಂ" ಅನ್ನುತ್ತಿದ್ದರು. ಒಂದು ವಾರ ಕೇಳಿಸಿಕೊಂಡ ನನ್ನ ಹೆಂಡತಿ ಸೊಂಟಕ್ಕೆ ಕೈ ಕೊಟ್ಟು ನಿಂತಳು: "ಯಾರ್ರೀ ಅದು, ದಿನಾ ಹನ್ನೊಂದು ಗಂಟೆಗೆ ಬರೋಕೆ ಹೇಳ್ತಿರೋದು?"

೨. ಹಾಕಿದಾರಾ, ಇಲ್ವಾ?

ಮಂಡಕಳ್ಳಿ ಕಡೆಯ ರಸ್ತೆಯಲ್ಲಿ ಕಾರು ಓಡಿಸಿ ಗುಂಡು ಹಾರಿಸುವ ದೃಶ್ಯ. ಖಳನಾಯಕರು ಕಣ್ಣು ಕೆಂಪಗೆ ಮಾಡಿಕೊಂಡು, ನನ್ನ ಪಿಸ್ತೂಲು ಬೀಸುತ್ತಾ ತೂರಾಡಿಕೊಂಡು ಅಭ್ಯಾಸ ಮಾಡುತ್ತಿದ್ದರು. ಬಂದೋಬಸ್ತಿಗೆ ಬಂದಿದ್ದ ಪೇದೆ ನನ್ನ ಪಕ್ಕ ಬಂದು ಮೆಲ್ಲಗೆ ಕೇಳಿದರು: "ಏನ್ರೀ, ಗುಂಡು ಹಾಕಿದಾರಾ?"

"ಛೆ ಛೆ, ಎಲ್ಲಾದ್ರೂ ಉಂಟಾ ಸಾರ್! ನಾನೇ ಬೆಳಿಗ್ಗೆ ಒಬ್ಬೊಬ್ಬರದ್ದೂ ಪರೀಕ್ಷೆ ಮಾಡಿ ಕಳಿಸೋದು."

"ಒಬ್ಬೊಬ್ಬರ ಬಾಯೂ ಮೂಸ್ತೀರಾ?"

"ಬಾಯಲ್ಲ ಸಾರ್, ನಳಿಗೆ. ಬೆರಳು ಹಾಕಿ ನೋಡ್ತೀನಿ."

ಪೇದೆ ನನ್ನ ಬೆರಳು ನೋಡಿದರು, ಖಳನಾಯಕರ ಬಾಯಿ ನೋಡಿದರು, ದೂರ ಹೋಗಿ ನಿಂತರು. ಅವರು ಕುಡಿತದ ಗುಂಡು ಕೇಳಿದ್ದು, ನಾನು ಪಿಸ್ತೂಲಿನ ಗುಂಡು ಹೇಳಿದ್ದು ಅಂತ ತಿಳಿಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.

ಈ ಗೊಂದಲವೇ ಬೇಡ, ಎಲ್ಲರೂ 'ಬುಲೆಟ್' ಅಂತಲೇ ಹೇಳಿ ಅಂತ ನಿರ್ದೇಶಕರು ಅಪ್ಪಣೆ ಕೊಟ್ಟರು. ಮಾರನೇ ದಿನ ಅವರು ಮೈಕಿನಲ್ಲಿ "ಬುಲೆಟ್ ಒಳಗಿದೆಯಾ?" ಅಂತ ಕೂಗಿದ್ದಕ್ಕೆ ಮ್ಯಾನೇಜರು ಓಡಿಬಂದು, "ಇಲ್ಲ ಸಾರ್, ಗೇಟ್ ಹತ್ರ ನಿಲ್ಸಿ ಹ್ಯಾಂಡ್‌ಲಾಕ್ ಮಾಡಿದೀನಿ" ಅಂತ ಬೈಕಿನ ಕೀ ತೋರಿಸಿದರು. ನಿರ್ದೇಶಕರು ತಲೆ ಚಚ್ಚಿಕೊಂಡು, "ಗುಂಡು ಅಂತಲೇ ಹೇಳ್ಕೊಂಡು ಸಾಯ್ರಿ" ಅಂದರು. ಸಾಯುವ ಸರದಿ ನನಗೇ ಬರುತ್ತೆ ಅಂತ ಅವರಿಗೇನು ಗೊತ್ತು.

೩. ಹಿಂದಿನಿಂದ ಬಂದ ದನಿ

ಸಿನಿಮಾದ ಕಥೆ ಇಷ್ಟೇ: ಒಂದು ಹಳೇ ಮನೆಯಲ್ಲಿ ಒಬ್ಬೊಬ್ಬರೇ ಸಾಯುತ್ತಾರೆ. ಮನೆ ಸಿಕ್ಕಿದ್ದೂ ಲಕ್ಷ್ಮೀಪುರಂನಲ್ಲೇ. ಎತ್ತರದ ಚಾವಣಿ, ನಡುಮನೆಯಲ್ಲಿ ಸರಪಳಿ ತೂಗುಮಣೆ, ಹಗಲು ಹೊತ್ತಲ್ಲೂ ಮಬ್ಬು. ಮನೆಯ ಅಜ್ಜಿ ಎಂಬತ್ತು ದಾಟಿದವರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಮಗ ಸೊಸೆ ಬೆಳಿಗ್ಗೆ ಕೆಲಸಕ್ಕೆ ಹೋದರೆ ಹಗಲಿಡೀ ಅಜ್ಜಿ ತೂಗುಮಣೆಯಲ್ಲಿ ಕೂತು ಶೂಟಿಂಗ್ ನೋಡುತ್ತಿದ್ದರು. ನಾವು ಒಳಗೆ ಕಾಲಿಟ್ಟ ತಕ್ಷಣ ದಿನಾ ಒಂದೇ ಪ್ರಶ್ನೆ, ಸೊಪ್ಪಿನವಳನ್ನು ವಿಚಾರಿಸುವ ದನಿಯಲ್ಲಿ: "ಇವತ್ತು ಯಾರನ್ನ ಸಾಯಿಸ್ತೀರಪ್ಪ?"

ಗೋಡೆ ಮೇಲೆ ಅಜ್ಜಿಯ ಯಜಮಾನರ ದೊಡ್ಡ ಫೋಟೋ. ಮರದ ನಾಟಾ ವ್ಯಾಪಾರಕ್ಕೆ ಕಾಡಿನ ದಾರಿಯಲ್ಲಿ ಓಡಾಡುತ್ತಿದ್ದವರಂತೆ. ದಪ್ಪ ಮೀಸೆ, ಸೊಂಟದಲ್ಲಿ ರಿವಾಲ್ವರ್. ಆ ರಿವಾಲ್ವರ್ ನೋಡಿ ನಿರ್ದೇಶಕರಿಗೆ ಬಹಳ ಇಷ್ಟವಾಯಿತು. "ಕೊಲೆಗಾರನಿಗೆ ಇದೇ ಬೇಕು" ಅಂದರು. ನನ್ನ ಹನ್ನೊಂದರಲ್ಲಿ ನಾಲ್ಕು ರಿವಾಲ್ವರ್ ಇದ್ದವು. ಅವನ್ನೇ ಕೆತ್ತಿ ತಿದ್ದಿ ಫೋಟೋದಲ್ಲಿದ್ದ ಹಾಗೆ ಮಾಡಿದೆ.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದರು. ನಾನೊಬ್ಬನೇ ಫೋಟೋ ಕೆಳಗೆ ಕೂತು ರಿವಾಲ್ವರ್ ಒರೆಸುತ್ತಿದ್ದೆ. ತೂಗುಮಣೆ ಖಾಲಿ, ಆದರೂ ತೂಗುತ್ತಿತ್ತು. ಕಿರ್... ಕಿರ್... ಆಗ ಹಿಂದಿನಿಂದ ಒಂದು ದನಿ ಬಂತು: "ಹಿಡಿ ಇನ್ನೂ ಸ್ವಲ್ಪ ಬಾಗಿರ್ಬೇಕು."

ತಲೆ ಎತ್ತಿದರೆ ಫೋಟೋದವರು ನನ್ನನ್ನೇ ನೋಡುತ್ತಿದ್ದಾರೆ! ನಾನು "ಆಗ್ಲಿ ಸ್ವಾಮಿ, ಬಗ್ಗಿಸ್ತೀನಿ" ಅಂತ ಕೈ ಮುಗಿದುಬಿಟ್ಟೆ.

"ಅವ್ರಿಗ್ಯಾಕಪ್ಪ ಹೇಳ್ತೀಯ? ಹೇಳಿದ್ದು ನಾನು" ಅಂತ ಕಂಬದ ಹಿಂದಿನಿಂದ ಅಜ್ಜಿ ಮಜ್ಜಿಗೆ ಲೋಟ ಹಿಡಿದು ಬಂದರು. ಆಗತಾನೇ ತೂಗುಮಣೆಯಿಂದ ಎದ್ದು ಹೋಗಿದ್ದರಂತೆ. ಹಿಡಿ ಎಷ್ಟು ಬಾಗಿರಬೇಕು ಅಂತ ಇವರಿಗೆ ಹೇಗೆ ಗೊತ್ತು ಅಂತ ಕೇಳಬೇಕಿತ್ತು. ಕೇಳಲಿಲ್ಲ. ಸಂಜೆಯೇ ನಾಲ್ಕರ ಹಿಡಿಯನ್ನೂ ಕೆತ್ತಿ ಬಾಗಿಸಿದೆ. ಈಗ ಫೋಟೋದವರು ಎದ್ದು ಬಂದರೂ ತಮ್ಮದು ಯಾವುದು ಅಂತ ತಡಕಾಡಬೇಕು, ಹಾಗಿತ್ತು.

೪. ಹೆಣಕ್ಕೆ ಕಾಫಿ

ನಮ್ಮ ಸಿನಿಮಾದಲ್ಲಿ ಹೆಣವಾಗುವವರು ರಾಜೀವನಗರದ ಒಬ್ಬ ಆಟೋ ಡ್ರೈವರು. ಉಸಿರು ಬಿಗಿಹಿಡಿದು ಮಲಗಿದರೆ ನೊಣ ಬಂದು ಮೂಗಿನ ಮೇಲೆ ಕೂತರೂ ಅಲುಗಾಡರು. ಅವತ್ತು ಕೆಂಪು ಬಣ್ಣ ಬಳಿದುಕೊಂಡು ನಡುಮನೆಯಲ್ಲಿ ಬಿದ್ದಿದ್ದರು. ನಿರ್ದೇಶಕರು "ಕಟ್" ಅಂದರು. ಹೆಣ ಏಳಲಿಲ್ಲ. "ಭಾಯ್, ಆಯ್ತು, ಏಳಿ" ಅಂದರು. ಊಹೂಂ. ಮೇಕಪ್ಪಿನ ಹೆಂಗಸು ಪಾದ ಮುಟ್ಟಿ ನೋಡಿ, "ಅಯ್ಯೋ, ತಣ್ಣಗಿದೆ ಕಣ್ರೀ!" ಅಂತ ಕೈ ಹಿಂದಕ್ಕೆಳೆದುಕೊಂಡರು.

ಯಾರಿಗೂ ಹತ್ತಿರ ಹೋಗುವ ಧೈರ್ಯವಿಲ್ಲ. ನನಗಂತೂ ನನ್ನ ಮರದ ರಿವಾಲ್ವರ್ ಮೇಲೇ ಅನುಮಾನ ಬಂತು. ಅಜ್ಜಿ ಮಾತ್ರ ನಿಧಾನವಾಗಿ ಬಂದು, ಹೆಣದ ತಲೆಯ ಹತ್ತಿರ ಕೂತು, ಬಿಸಿ ಕಾಫಿ ಲೋಟವನ್ನು ಮೂಗಿನ ಹತ್ತಿರ ಹಿಡಿದರು. "ಏಳಪ್ಪ, ಆರೋಗುತ್ತೆ."

ಹೆಣ ಕಣ್ಣು ಬಿಡದೆಯೇ ಹೇಳಿತು: "ಸಕ್ಕರೆ ಹಾಕಿಲ್ಲ ತಾನೇ ಅಮ್ಮಾ? ನಂಗೆ ಶುಗರ್ರು."

೫. ಹನ್ನೆರಡನೆಯದು

ಆಯುಧಪೂಜೆಯ ದಿನ. ಊರೆಲ್ಲ ವಾಹನಗಳಿಗೆ ಬಾಳೆಕಂದು, ರಸ್ತೆ ತುಂಬ ಕುಂಕುಮ ಮೆತ್ತಿದ ಬೂದುಗುಂಬಳಕಾಯಿ ಚೂರು. ನಾವೂ ನಡುಮನೆಯಲ್ಲಿ, ಫೋಟೋದ ಕೆಳಗೆ, ಬೆಂಚಿಗೆ ಕೆಂಪು ಬಟ್ಟೆ ಹಾಸಿ ಕ್ಯಾಮೆರಾ, ಲೈಟು, ನನ್ನ ಉಳಿ, ಹನ್ನೊಂದು ಆಯುಧ, ಎಲ್ಲ ಜೋಡಿಸಿದೆವು. "ನಾನೇ ಹಚ್ಚಿಕೊಡ್ತೀನಿ" ಅಂತ ಅಜ್ಜಿ ಒಂದೊಂದು ಆಯುಧಕ್ಕೂ ಮೂರು ಬೆರಳಲ್ಲಿ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟರು. ಎಲ್ಲದಕ್ಕೂ ಒಂದೇ ಮುಖ ಬಂದಂತಾಯಿತು. ಮಂಗಳಾರತಿಯ ಹೊಗೆಯಲ್ಲಿ ಅವೆಲ್ಲ ನಮ್ಮನ್ನೇ ನೋಡುತ್ತಿರುವ ಹಾಗಿತ್ತು.

ಪೂಜೆಗೆ ಇಟ್ಟ ಸಾಮಾನು ಅವತ್ತು ಮುಟ್ಟಬಾರದು. ನಿರ್ದೇಶಕರು ಕೇಳಬೇಕಲ್ಲ! "ಒಂದೇ ಒಂದು ಶಾಟ್ ಕಣ್ರೀ, ನಾಳೆಯಿಂದ ಮನೆ ಸಿಗಲ್ಲ." ಕೊಲೆಗಾರನ ಪಾತ್ರದ ನಟರು ಬೆಂಚಿನಿಂದ ಒಂದು ರಿವಾಲ್ವರ್ ಎತ್ತಿಕೊಂಡು ಹೋಗಿ, ಆಟೋ ಭಾಯ್ ಹಣೆಗೆ ಇಟ್ಟು ನಿಂತರು. ನಾನು ಅಭ್ಯಾಸಬಲದಿಂದ ಬೆಂಚಿನ ಮೇಲಿದ್ದದ್ದು ಎಣಿಸಿದೆ. ಹತ್ತು ಇರಬೇಕು. ಹನ್ನೊಂದು ಇತ್ತು.

ಮತ್ತೆ ಎಣಿಸಿದೆ. ಹನ್ನೊಂದು. ನಟರ ಕೈಯಲ್ಲಿರುವುದು ಸೇರಿದರೆ ಹನ್ನೆರಡು. ದಿನಾ ಒಂದು ಕಡಿಮೆಯಾದೀತು ಅಂತ ಹೆದರಿದವನು ನಾನು. ಒಂದು ಹೆಚ್ಚಾದದ್ದು ನೋಡಿ ಬೆರಳು ಮಡಿಸಿ ಮೂರನೇ ಸಲ ಎಣಿಸಿದೆ. ತೂಗುಮಣೆ ಕಿರ್ ಅಂತು.

"ನಮ್ಮದೂ ಒಂದು ಇಟ್ಟೆ ಕಣಪ್ಪ" ಅಂದರು ಅಜ್ಜಿ. "ಅವ್ರು ಹೋದ ಮೇಲೆ ಪೆಟ್ಟಿಗೇಲೇ ಇತ್ತು. ಪಾಪ, ಎಷ್ಟೋ ವರ್ಷದಿಂದ ಪೂಜೆ ಕಂಡಿರ್ಲಿಲ್ಲ."

"ನಿಲ್ಸಿ!" ಅಂತ ನಾನು ಕಿರುಚಿದ್ದು ಬೀದಿಗೆ ಕೇಳಿಸಿರಬೇಕು. ನಟರ ಕೈಯಿಂದ ರಿವಾಲ್ವರ್ ಕಿತ್ತುಕೊಂಡು ಬಂದು, ಬೆಂಚಿನ ಮೇಲಿದ್ದ ನಾಲ್ಕರ ಜೊತೆ ಐದನ್ನೂ ಸಾಲಾಗಿ ಇಟ್ಟೆ. ಗಾಬರಿಯಲ್ಲಿ ತಟ್ಟಿ ನೋಡಬೇಕು ಅಂತಲೂ ಹೊಳೆಯಲಿಲ್ಲ. "ಅಜ್ಜಿ, ಇದರಲ್ಲಿ ನಿಮ್ಮದು ಯಾವುದು?"

ಅಜ್ಜಿ ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು. "ಎಲ್ಲಾ ಒಂದೇ ಥರ ಮಾಡಿದ್ದೀಯಲ್ಲಪ್ಪ. ಎಷ್ಟು ಚೆನ್ನಾಗಿ ಮಾಡಿದ್ದೀಯ!"

ಜನ್ಮದಲ್ಲಿ ಯಾವ ಹೊಗಳಿಕೆಗೂ ನನಗೆ ಅಷ್ಟು ಸಂಕಟ ಆಗಿರಲಿಲ್ಲ. ಮುಖ್ಯವಾದದ್ದು ಕೇಳಿದೆ: "ಅಜ್ಜೀ, ಯಜಮಾನ್ರು ಗುಂಡು ಹಾಕಿದ್ರಾ?"

ಅಜ್ಜಿಯ ಮುಖ ಕೆಂಪಾಯಿತು. "ಏನು ಮಾತು ಅಂತ ಆಡ್ತೀಯಪ್ಪ! ನಮ್ಮದು ಮಠಕ್ಕೆ ನಡ್ಕೊಳ್ಳೋ ಮನೆ. ಗುಂಡು ತುಂಡು ಎರಡೂ ಹೊಸ್ತಿಲು ದಾಟಿ ಬಂದಿಲ್ಲ. ನಮ್ಮ ಯಜಮಾನ್ರು ಒಂದು ದಿನವೂ ಗುಂಡು ಹಾಕಿದೋರಲ್ಲ!"

ಅಬ್ಬಾ! ಹೋದ ಜೀವ ಬಂತು. "ಖಾಲಿಯಂತೆ, ಹೆದರ್ಬೇಡಿ" ಅಂತ ಎಲ್ಲರಿಗೂ ಸಾರಿದೆ. ಆದರೆ ಆಟೋ ಭಾಯ್ ಗೋಡೆಗೆ ಒತ್ತಿಕೊಂಡು ನಿಂತಿದ್ದರು. "ನೀವು ಹೇಳ್ಬುಟ್ರೆ ಆಯ್ತಾ? ಹಣೆ ನಂದು. ನಿಮ್ಮ ಹಣೆಗೆ ಇಟ್ಕೊಂಡು ತೋರ್ಸಿ, ಆಮೇಲೆ ಸಾಯ್ತೀನಿ" ಅಂದರು. ನನಗೆ ರೋಷ ಉಕ್ಕಿತು. ನನ್ನ ಮಾಲಿನ ಮೇಲೇ ಅನುಮಾನವೇ? ಮೊದಲನೆಯದು ಎತ್ತಿ ನನ್ನ ಹಣೆಗೆ ಇಟ್ಟು ಕುದುರೆ ಎಳೆದೆ. ಟಿಕ್. ಎರಡನೆಯದು. ಟಿಕ್. ಮೂರನೆಯದು. ಟಿಕ್. ನಗುತ್ತಾ ನಾಲ್ಕನೆಯದು ಎತ್ತಿ ಹಣೆಗೆ ಇಟ್ಟೆ. ಅದೇಕೋ ತುಸು ತಣ್ಣಗಿತ್ತು. ಬೆರಳು ಕುದುರೆಯ ಮೇಲಿತ್ತು.

"ಮೂರೂ ನಿನ್ನವೇ ಆಯ್ತು" ಅಂದರು ಅಜ್ಜಿ, ತೂಗುಮಣೆ ತೂಗುತ್ತಾ. "ಇನ್ನೆರಡರಲ್ಲಿ ಒಂದು ನಮ್ಮದು. ನೋಡ್ಕೊಂಡು ಎಳಿಯಪ್ಪ. ನಮ್ಮದು ಟಿಕ್ ಅನ್ನಲ್ಲ, ಢಂ ಅನ್ನುತ್ತೆ."

ಬೆರಳು ಅಲ್ಲೇ ಮರಗಟ್ಟಿತು. "ಅ... ಅಜ್ಜೀ, ಗುಂಡು ಹಾಕಿಲ್ಲ ಅಂದ್ರಲ್ಲಾ!"

"ಅವ್ರು ಹಾಕ್ತಿರ್ಲಿಲ್ಲ ಕಣಪ್ಪ" ಅಂದರು ಅಜ್ಜಿ. "ಆ ರಿವಾಲ್ವರ್‌ಗೆ ಹಾಕಿದ್ರು."

ಅದನ್ನು ಹಣೆಯಿಂದ ಇಳಿಸಿ ಬೆಂಚಿನ ಮೇಲಿಟ್ಟದ್ದು ನನಗೆ ನೆನಪಿಲ್ಲ. ನಿರ್ದೇಶಕರು ಫೋನ್ ಮಾಡಿ ಕರೆಸಿದ ಇನ್ಸ್‌ಪೆಕ್ಟರು ಬಂದದ್ದು ನೆನಪಿದೆ. ಐದನ್ನೂ ನೋಡಿ, ನಾನು ಹಣೆಗೆ ಇಟ್ಟುಕೊಂಡಿದ್ದ ಆ ನಾಲ್ಕನೆಯದನ್ನೇ ಎತ್ತಿ, ಬಿಚ್ಚಿ, ಮಂಗಳಾರತಿ ತಟ್ಟೆಯ ಮೇಲೆ ಬಗ್ಗಿಸಿದರು. ಟಣ್, ಟಣ್, ಟಣ್. ಆರು ಗುಂಡು. ಅವರ ಹಣೆ ಬೆವತಿತ್ತು. "ಕಡಿಮೆಯಾದ್ರೆ ಬೀಗ ಅಂದಿದ್ದೆ ಕಣ್ರೀ. ಜಾಸ್ತಿ ಆದ್ರೆ ಏನ್ಮಾಡ್ಬೇಕು ಅಂತ ನಂಗೇ ಗೊತ್ತಿಲ್ಲ" ಅಂತ ಹೇಳಿ, ಅಜ್ಜಿಯ ಹತ್ತಿರ ಬರೆಸಿಕೊಂಡು ಆ ಒಂದನ್ನು ಠಾಣೆಗೆ ಒಯ್ದರು. ನನ್ನ ಹನ್ನೊಂದು ನನಗೇ ಉಳಿದವು, ಕೆಲಸವೂ ಉಳಿಯಿತು. ಆದರೆ ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಅಜ್ಜಿ ಬಿಸಿ ಕಾಫಿ ತಂದು ನನ್ನ ಮೂಗಿನ ಹತ್ತಿರ ಹಿಡಿದರು. ಬೆಂಚಿನ ಕಡೆ ನೋಡಿದರು, ಫೋಟೋ ಕಡೆ ನೋಡಿದರು, ಆಮೇಲೆ ಸ್ವಲ್ಪ ಬೇಜಾರಿನ ದನಿಯಲ್ಲಿ ಹೇಳಿದರು: "ಹಬ್ಬದ ದಿನವೇ ಯಾರೂ ಸಾಯ್ಲಿಲ್ವಲ್ಲಪ್ಪ."